ಬಿಳಿ ಅಂಗಿಯವರು

ಕಾಸರಗೋಡಿನ ಕುಂಬಳೆ ಕಡೆಗೆ ತಿರುಗಾಟಕ್ಕೆ ಬರುವವರಲ್ಲಿ ಅರ್ಧ ಜನ ಬಿಳಿ ಅಂಗಿಯವರು. ಹಸಿರಿನ ಎದುರು ಪಟ ಚಂದ ಬರುತ್ತದಂತೆ. ಕಡಲು ಆ ಅಂಗಿಯನ್ನು ಕೆಡಿಸುವುದಿಲ್ಲ. ಉಪ್ಪುನೀರು, ಮರಳು, ಹಿಂಡಿ ಕೊಡವಿದರಾಯಿತು. ಅಂಗಿಗೆ ಕಾದು ಕೂತಿರುವುದು ತೋಟ.

ಮಾರ್ಚ್–ಏಪ್ರಿಲ್‌ನಲ್ಲಿ ಬಂದರೆ ಗೇರುಗುಡ್ಡೆ. ಹಣ್ಣು ಕಚ್ಚಿದ ಕೂಡಲೇ ರಸ ಎದೆಗೆ. ಆಗ ಕಾಣುವುದಿಲ್ಲ, ಆ ಚೊಗರು ಗಾಳಿ ತಾಗಿ ಸಂಜೆಗೆ ಕಂದುಬಣ್ಣಕ್ಕೆ ತಿರುಗುತ್ತದೆ. ಮತ್ತೆ ಯಾವ ಸೋಪಿಗೂ ಬಗ್ಗುವುದಿಲ್ಲ. 16ನೇ ಶತಮಾನದಲ್ಲಿ ಪೋರ್ಚುಗೀಸರು ತಂದ ಮರ. ಅವರು ಹೋದರು, ಕಲೆ ಉಳಿಯಿತು. ಹಸಿ ಬೀಜವನ್ನು ಹಲ್ಲಿನಲ್ಲಿ ಒಡೆಯುವ ಶೂರರಿಗೆ ಸಿಪ್ಪೆಯ ಎಣ್ಣೆ ತಾಗಿ ತುಟಿ ಬೊಕ್ಕೆ ಏಳುತ್ತದೆ. ಅಂದು ಅಂಗಿಯ ಚಿಂತೆ ಇರುವುದಿಲ್ಲ.

ಮಳೆಗಾಲದವರ ಪಾಡು ಬೇರೆ. ಅಡಿಕೆ ತೋಟದ ಕಣಿ, ಅಂದರೆ ನೀರು ಹರಿಯುವ ಚರಂಡಿ, ದಾಟಲು ಎರಡು ಅಡಿಕೆ ಮರ ಜೋಡಿಸಿದ ಸಂಕ. ಚಪ್ಪಲಿ ಕೈಯಲ್ಲಿ, ಪಾದ ತುಸು ಅಡ್ಡ, ಕಣ್ಣು ಆಚೆ ದಡದಲ್ಲಿ, ನಡುವೆ ನಿಲ್ಲಬಾರದು. ಇವರು ನಡುವೆಯೇ ನಿಲ್ಲುತ್ತಾರೆ, ಸೆಲ್ಫಿಗೆ. ಪಾಚಿ ಹಿಡಿದ ಮರ ಫೋನಿನ ಮರ್ಯಾದೆ ನೋಡುವುದಿಲ್ಲ.

ಕಣಿಯಿಂದ ಎದ್ದವರ ಮೇಲೆ ನೀಲಿ ಹನಿ ಬೀಳುತ್ತದೆ.

“ಅಯ್ಯೋ, ಇಲ್ಲಿಯ ಮಳೆ ನೀಲಿಯಾ?”

“ಮಳೆ ಅಲ್ಲ ಮಾರಾಯ್ರೇ, ಮದ್ದು!”

ಅಡಿಕೆಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣ. 50 ಲೀಟರ್ ನೀರಿನಲ್ಲಿ 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಇನ್ನೊಂದು 50 ಲೀಟರಿನಲ್ಲಿ 1 ಕಿಲೋ ಸುಣ್ಣ, ಎರಡನ್ನೂ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕೂಡಿಸಬೇಕು; ಲೋಹದ ಪಾತ್ರೆಯನ್ನು ಮೈಲುತುತ್ತು ತಿನ್ನುತ್ತದೆ. ಕತ್ತಿ ಅದ್ದಿ ತೆಗೆದಾಗ ಅಲಗು ಕೆಂಪಾದರೆ ಸುಣ್ಣ ಸಾಲದು, ಹಾಗೇ ಬಿಟ್ಟರೆ ಸೋಗೆ, ಹಿಂಗಾರ ಸುಟ್ಟುಹೋಗುತ್ತವೆ. ಮಳೆ ಹಿಡಿಯುವ ಮೊದಲು ಒಂದು ಸಲ, 40–45 ದಿನ ಕಳೆದು ಇನ್ನೊಂದು ಸಲ. ಎರಡನೆಯದಕ್ಕೆ ಬಿಸಿಲು ಬೇಕು, ಜಡಿಮಳೆಯ ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಎಲ್ಲಿಯ ಬಿಸಿಲು? ಅರ್ಧ ದಿನ ಮಳೆ ಬಿಟ್ಟು ಹೊಳವಾದರೆ ತೋಟದವರೆಲ್ಲ ಮದ್ದಿಗೆ ಹೊರಡುತ್ತಾರೆ. ಪ್ರವಾಸಿಗರು ಹೊರಡುವುದೂ ಅದೇ ಹೊಳವಿಗೆ. ಅಡಿಕೆಗೊನೆಗೆ ಅಂಟಿ ನಿಲ್ಲಲೆಂದೇ ಮಾಡಿದ ಮದ್ದು, ಹತ್ತಿಬಟ್ಟೆಯನ್ನು ಬಿಟ್ಟೀತೇ?

ಕೊನೆಗೆ ಗುಡ್ಡೆಯ ಸುರಂಗ. ಮುರಕಲ್ಲಿನಲ್ಲಿ, ಅಂದರೆ ಕೆಂಪು ಜಂಬಿಟ್ಟಿಗೆಯಲ್ಲಿ, ಅಡ್ಡಕ್ಕೆ ಕೊರೆದ ನೀರಿನ ದಾರಿ ಅದು. ಒಳಗೆ ಗಾಳಿ ಕಡಿಮೆ, ಅಗೆಯುವವರು ಮೇಣದಬತ್ತಿ ನಂದಿದರೆ ಹೊರಗೆ ಬರುತ್ತಾರೆ. ಬಂದವರು ಬಾಯಲ್ಲೇ ನಿಂತು ನೋಡಿದರೆ ಸಾಕು. ಅಷ್ಟಕ್ಕೇ ಭುಜಕ್ಕೆ ಕೆಂಪು ಮಣ್ಣು.

ಇಲ್ಲಿಯ ಹಲವು ದೇವಸ್ಥಾನಗಳಲ್ಲಿ ಗಂಡಸರು ಅಂಗಿ ಕಳಚಿ ಒಳಗೆ ಹೋಗಬೇಕು. ಅಂಗಿಗೆ ಸಿಗುವ ವಿರಾಮ ಅಷ್ಟೇ. ಹೊರಡುವಾಗ ಅದನ್ನು ಬಿಟ್ಟುಹೋದರೆ ಯಾರೂ ಬೇಸರಿಸುವುದಿಲ್ಲ. ಮುಂದಿನ ವರ್ಷ ಮದ್ದು ಬಿಡುವವರಿಗೆ ಹಳೇ ಅಂಗಿ ಬೇಕೇ ಬೇಕು.