ಬಿಲ್ಲಿನೊಳಗೆ ಕೂತಿದ್ದ ಸಾವಿರ

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವ ಒಬ್ಬರ ಬಿಲ್ಲಿಂಗ್ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇನೆ. 2025ರ ಸೆಪ್ಟೆಂಬರ್ 22 ಚೆನ್ನಾಗಿ ನೆನಪಿದೆ. ನವರಾತ್ರಿಯ ಮೊದಲ ದಿನ, ಸೋಮವಾರ. ಅವತ್ತಿನಿಂದ ಹೊಸ ಜಿಎಸ್‌ಟಿ. ಅಲ್ಲಿವರೆಗೆ 1,000 ರೂಪಾಯಿವರೆಗಿನ ಪ್ಯಾಂಟಿಗೆ ಶೇ 5, ದಾಟಿದರೆ ಶೇ 12. ಈಗ ಗಡಿ 2,500, ದಾಟಿದರೆ ಶೇ 18.

ಎರಡೇ ನಂಬರ್, ಅಲ್ವಾ? ವಾರ ಮೊದಲೇ ಕೋಡಿನಲ್ಲಿ 1000 ಅಂತ ಹುಡುಕಿದೆ. ಬಿಲ್ ಫಂಕ್ಷನ್‌ನಲ್ಲಿತ್ತು, ತಿಂಗಳ ರಿಪೋರ್ಟಿನಲ್ಲಿತ್ತು, ಡೇಟಾ ಬದಲಾದಾಗ ತಾನಾಗಿಯೇ ಓಡುವ ಒಂದು ಟ್ರಿಗರ್ ಒಳಗೂ ಕೂತಿತ್ತು. ಇನ್ನೊಂದು 1000 ತೆರಿಗೆಯದ್ದೇ ಅಲ್ಲ, ರಿಪೋರ್ಟಿನಲ್ಲಿ ಎಷ್ಟು ಸಾಲು ತೋರಿಸಬೇಕು ಅನ್ನೋದು. ಅದನ್ನೂ ಬದಲಿಸಿಬಿಡುತ್ತಿದ್ದೆ. ಬರೆದವನು ನಾನೇ, ಬೈಯೋಕೂ ಯಾರಿಲ್ಲ.

ನಾನು ಬಳಸುವ ಡೇಟಾಬೇಸ್ ಪೋಸ್ಟ್‌ಗ್ರೆಸ್. ಅದರಲ್ಲಿ ಎಲ್ಲ ಕಡೆ ಬಳಸುವಂಥ ಕಾನ್‌ಸ್ಟಂಟ್, ಅಂದರೆ ಹೆಸರಿಟ್ಟ ಬದಲಾಗದ ನಂಬರ್, ಇಲ್ಲ. ಹಾಗಾಗಿ ಗಡಿ, ದರ ಎರಡನ್ನೂ ಟೇಬಲ್‌ಗೆ ಹಾಕಿ, ಅವನ್ನು ಓದುವ ಸಣ್ಣ ಫಂಕ್ಷನ್ ಬರೆದೆ. ಬೇಗ ಓಡಲಿ ಅಂತ ಅದಕ್ಕೆ 'ಇಮ್ಯೂಟಬಲ್' ಅಂತ ಹಾಕಿದೆ. ಇದರ ಉತ್ತರ ಯಾವತ್ತೂ ಬದಲಾಗಲ್ಲ ಅಂತ ಡೇಟಾಬೇಸ್‌ಗೆ ಮಾತು ಕೊಟ್ಟ ಹಾಗೆ ಅದು. ಪಾಪ, ನಂಬಿತು.

ಸೋಮವಾರ ಬೆಳಿಗ್ಗೆ ಟೇಬಲ್‌ನಲ್ಲಿ ಗಡಿ 2500, ದರ 18 ಮಾಡಿದೆ. ನನ್ನ ಸ್ಕ್ರೀನಿನಲ್ಲಿ 2500 ಬಂತು. ಅಷ್ಟರಲ್ಲಿ ಸಾವ್ಕಾರ್ರ ಫೋನು: "ಏನ್ರೀ, 1,800ರ ಪ್ಯಾಂಟಿಗೆ ಇನ್ನೂ 12 ಬೀಳಾಕತ್ತೈತಲ್ಲ!" ರಾತ್ರಿಯಿಂದ ತೆರೆದೇ ಇದ್ದ ಕನೆಕ್ಷನ್‌ಗಳು ಹಳೇ ಸಾವಿರ, ಹಳೇ 12 ಎರಡನ್ನೂ ಪ್ಲಾನ್‌ನಲ್ಲಿ, ಅಂದರೆ ಡೇಟಾಬೇಸ್ ಮೊದಲೇ ಹಾಕಿಟ್ಟುಕೊಂಡ ಲೆಕ್ಕದ ದಾರಿಯಲ್ಲಿ, ಹಿಡಿದುಕೊಂಡಿದ್ದವು. ಆ್ಯಪ್ ರೀಸ್ಟಾರ್ಟ್ ಮಾಡಿದ ಮೇಲೆ ಸರಿಹೋಯಿತು. ಟೇಬಲ್ ಓದುವ ಫಂಕ್ಷನ್‌ಗೆ 'ಸ್ಟೇಬಲ್' ಅಂತ ಇರಬೇಕಿತ್ತು, ಅಂದರೆ ಒಂದು ಕ್ವೆರಿ ಮುಗಿಯುವವರೆಗೆ ಮಾತ್ರ ಉತ್ತರ ಬದಲಾಗಲ್ಲ ಅನ್ನೋ ಮಾತು.

ಸರ್ಕಾರ ಬದಲಿಸಬಹುದಾದ ನಂಬರನ್ನು ಕಾನ್‌ಸ್ಟಂಟ್ ಅನ್ನೋದೇ ತಪ್ಪು ಅಂತ ನನಗನಿಸುತ್ತೆ. ಅದಕ್ಕೆ ಹೆಸರು ಬೇಕು, ಯಾವ ತಾರೀಖಿನಿಂದ ಅನ್ನೋ ಕಾಲಂ ಬೇಕು. ಆಗಸ್ಟಿನಲ್ಲಿ ಮಾರಿದ ಪ್ಯಾಂಟು ಅಕ್ಟೋಬರಿನಲ್ಲಿ ವಾಪಸ್ ಬಂದರೆ ಹಳೇ ಬಿಲ್ಲಿನ ತೆರಿಗೆಯೇ ಲೆಕ್ಕ. ಹಳೇ ಸಾಲಿನ ಮೇಲೆ ಹೊಸದನ್ನು ಬರೆದರೆ ಅದು ಎಲ್ಲಿಂದ ಸಿಗಬೇಕು? ಹಾಗಂತ ವರ್ಷಕ್ಕೆ 12 ತಿಂಗಳು ಅನ್ನೋದನ್ನೂ ಟೇಬಲ್‌ಗೆ ಹಾಕುವವರಿದ್ದಾರೆ. ಅದು ಸುಮ್ನೆ ಜಾಸ್ತಿ ಆಯ್ತು.

ಟೆಸ್ಟಿಂಗ್‌ಗೆ ಗಡಿಯನ್ನು 10 ರೂಪಾಯಿ ಮಾಡಿಕೊಳ್ಳುವ ಚಟ ನನಗಿದೆ. ಆ ಸಾಲು ಈಗ ನನ್ನ ಲ್ಯಾಪ್‌ಟಾಪಿನ ಡೇಟಾಬೇಸ್‌ನಲ್ಲಿ ಮಾತ್ರ. ಲೈವ್‌ಗೆ, ಅಂದರೆ ಸಾವ್ಕಾರ್ರು ಬಳಸುವ ಸಿಸ್ಟಮ್‌ಗೆ, ಹೋಗುವ ಫೈಲ್ ಬೇರೆ.

ಇದೇ ಹುಡುಕಾಟದಲ್ಲಿ ಬಿಲ್ಲಿನ ತಲೆಯಲ್ಲಿ ಊರಿನ ಹೆಸರೂ ಸಿಕ್ಕಿತು. ಇಂಗ್ಲಿಷಿನಲ್ಲಿ ಇನ್ನೂ 'ಬೆಲ್ಲಾರಿ'. ಅದು ಬಳ್ಳಾರಿ ಆಗಿದ್ದು 2014ರ ನವೆಂಬರ್ 1ಕ್ಕೆ. ಬದಲಿಸ್ತೀನಿ ಅಂದರೆ ಸಾವ್ಕಾರ್ರು, "ಇರ್ಲಿ ಬಿಡ್ರೀ, ಹಳೇ ಗಿರಾಕಿಗೆ ಅದೇ ಗುರುತು" ಅಂದರು. ಸರಿ, ಅದಕ್ಕೂ ಟೇಬಲ್‌ನಲ್ಲಿ ಒಂದು ಸಾಲು ಹಾಕಿ, 'ಬೆಲ್ಲಾರಿ' ಅಂತಲೇ ಬರೆದಿಟ್ಟಿದ್ದೇನೆ.