ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮತ್ತು ನಾವು ಮುಚ್ಚಿಡುವ ಮಾತುಗಳು

ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಲು ತೀರ್ಮಾನಿಸಿದವರು ನನ್ನೊಡನೆ ಮಾತನಾಡುವಾಗ ಮೊದಲು ಕೇಳುವುದು ನೋವಿನ ಬಗ್ಗೆ, ರಜೆಯ ಬಗ್ಗೆ, ಎಷ್ಟು ಕಿಲೋ ಇಳಿಯಬಹುದು ಎಂಬುದರ ಬಗ್ಗೆ. ಮಾತು ಮುಗಿಯುವ ಹೊತ್ತಿಗೆ, ಸ್ವಲ್ಪ ತಡೆದು, ಇನ್ನೊಂದು ಪ್ರಶ್ನೆ ಬರುತ್ತದೆ: ಶಸ್ತ್ರಚಿಕಿತ್ಸೆಗೆ ಮುಂಚಿನ ಮನೋವೈದ್ಯರ ಭೇಟಿಯಲ್ಲಿ ಏನು ಹೇಳಿದರೆ ಒಪ್ಪಿಗೆ ಸಿಗುತ್ತದೆ, ಯಾವುದನ್ನು ಹೇಳದಿದ್ದರೆ ಒಳ್ಳೆಯದು? ಕೆಲವು ವರ್ಷಗಳ ಹಿಂದೆ ಇದೇ ದಾರಿಯಲ್ಲಿ ನಡೆದುಬಂದವಳಾದ್ದರಿಂದ ಆ ಪ್ರಶ್ನೆಯ ಹಿಂದಿರುವ ಭಯ ನನಗೆ ಚೆನ್ನಾಗಿ ಗೊತ್ತು. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೇಳುತ್ತ ಬಂದದ್ದನ್ನು ಈಗ ಒಂದೇ ಕಡೆ ಬರೆಯುತ್ತಿದ್ದೇನೆ. ಈ ಚಿಕಿತ್ಸೆಯ ಹಾದಿಯಲ್ಲಿ ಜನ ಎಡವಿದ ಬಹುತೇಕ ಕಡೆಗಳಲ್ಲಿ ನಾನು ಕಂಡಿರುವುದು, ನಾಚಿಕೆಯಿಂದ ಯಾರೋ ಯಾರಿಂದಲೋ ಮುಚ್ಚಿಟ್ಟ ಒಂದು ಸಂಗತಿಯನ್ನು.

ಮೊದಲು ಆ ಭೇಟಿಯ ವಿಷಯ. ಶಸ್ತ್ರಚಿಕಿತ್ಸೆಗೆ ಯಾರು ಅರ್ಹರು ಎಂಬುದಕ್ಕೆ ಅಂಕಿಗಳ ಅಳತೆಯಿದೆ. 1991ರಲ್ಲಿ ಅಮೆರಿಕದ ತಜ್ಞರ ಸಮಿತಿ ಹಾಕಿಕೊಟ್ಟ ಗೆರೆಯ ಪ್ರಕಾರ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿ ತೂಕವನ್ನು ಅಳೆಯುವ ಅಂಕಿ, 40ರ ಮೇಲಿರಬೇಕಿತ್ತು, ಅಥವಾ 35ರ ಮೇಲಿದ್ದು ಅದರ ಜೊತೆಗೆ ತೂಕಕ್ಕೆ ಸಂಬಂಧಿಸಿದ ಗಂಭೀರ ಕಾಯಿಲೆಯೂ ಇರಬೇಕಿತ್ತು. 2022ರಲ್ಲಿ ಈ ಕ್ಷೇತ್ರದ ವೈದ್ಯರ ಸಂಘಗಳು ಆ ಗೆರೆಯನ್ನು ಕೆಳಗಿಳಿಸಿ, ಬಿಎಂಐ 35 ಇದ್ದವರಿಗೆ ಬೇರೆ ಕಾಯಿಲೆ ಇಲ್ಲದಿದ್ದರೂ ಈ ಚಿಕಿತ್ಸೆಯನ್ನು ಸೂಚಿಸಬಹುದು ಎಂದವು. ಏಷ್ಯಾ ಮೂಲದವರಲ್ಲಿ ಕಡಿಮೆ ತೂಕದಲ್ಲೇ ಮಧುಮೇಹದಂಥ ತೊಂದರೆಗಳು ಕಾಣಿಸಿಕೊಳ್ಳುವುದರಿಂದ, 27.5ರಿಂದಲೇ ಯೋಚಿಸಬಹುದು ಎಂದೂ ಸೇರಿಸಿದವು. ಮನಸ್ಸಿಗೆ ಇಂಥ ಅಂಕಿಯಿಲ್ಲ. ಹಾಗಾಗಿ ಆ ಕೋಣೆಗೆ ಹೋಗುವವರು ಅದನ್ನೊಂದು ಪರೀಕ್ಷೆಯೆಂದೇ ಭಾವಿಸುತ್ತಾರೆ, ಸರಿಯುತ್ತರಗಳನ್ನು ಸಿದ್ಧ ಮಾಡಿಕೊಂಡು ಹೋಗುತ್ತಾರೆ. ಚಿಕ್ಕಂದಿನಿಂದಲೂ ತಮ್ಮ ದೇಹದ ಬಗ್ಗೆ ತೀರ್ಪು ಕೇಳಿಸಿಕೊಂಡೇ ಬೆಳೆದವರು ಇನ್ನೊಬ್ಬ ಅಪರಿಚಿತರ ಮುಂದೆ, ಅದೂ ಚಿಕಿತ್ಸೆಯ ಬಾಗಿಲು ತೆರೆಯುವ ಅಧಿಕಾರವಿರುವವರ ಮುಂದೆ, ಮನಸ್ಸು ಬಿಚ್ಚುತ್ತಾರೆ ಎಂದು ನಿರೀಕ್ಷಿಸುವುದೇ ಕಷ್ಟ.

ಆದರೆ ಆ ಕೋಣೆಯಲ್ಲಿ ಕುಳಿತವರು ಹುಡುಕುವುದು ನಿರಾಕರಿಸಲು ಕಾರಣವನ್ನಲ್ಲ ಎಂಬುದನ್ನು ದಯವಿಟ್ಟು ನಂಬಿ. ಚಿಕಿತ್ಸೆ ಸಿಗದ ತೀವ್ರ ಖಿನ್ನತೆ, ಮದ್ಯದಂಥ ವ್ಯಸನ, ಹಿಡಿತ ತಪ್ಪಿ ತಿನ್ನುವ ಅಭ್ಯಾಸ, ಮನೆಯಲ್ಲಿ ಬೆಂಬಲವಿಲ್ಲದಿರುವುದು, ಇವುಗಳಲ್ಲಿ ಯಾವುದಾದರೂ ಇದ್ದರೆ ಬಹುಪಾಲು ಸಂದರ್ಭಗಳಲ್ಲಿ ಆಗುವುದು ಇಷ್ಟೇ: ಮೊದಲು ಅದಕ್ಕೆ ಚಿಕಿತ್ಸೆ ಕೊಟ್ಟು, ಆಮೇಲೆ ಶಸ್ತ್ರಚಿಕಿತ್ಸೆಗೆ ಕರೆದೊಯ್ಯುತ್ತಾರೆ. ಕೆಲವು ತಿಂಗಳು ತಡವಾಗಬಹುದು. ಆದ್ದರಿಂದ ಏನು ಹೇಳಬೇಕು ಎಂದು ಕೇಳುವವರಿಗೆ ನನ್ನ ಉತ್ತರ ಒಂದೇ. ರಾತ್ರಿ ಎಲ್ಲರೂ ಮಲಗಿದ ಮೇಲೆ ಎದ್ದು ತಿನ್ನುತ್ತೀರಾದರೆ ಅದನ್ನು ಹೇಳಿ. ಹೊಟ್ಟೆ ತುಂಬಿ ನೋಯುತ್ತಿದ್ದರೂ ಕೈ ನಿಲ್ಲುವುದಿಲ್ಲ ಎಂದಾದರೆ ಅದನ್ನೂ ಹೇಳಿ. ತಿಂದು ಖಾಲಿಯಾದ ಪೊಟ್ಟಣಗಳನ್ನು ಯಾರಿಗೂ ಕಾಣದಂತೆ ಬಿಸಾಡಿ ಬರುವವರು ಈ ಜಗತ್ತಿನಲ್ಲಿ ನೀವೊಬ್ಬರೇ ಅಲ್ಲ. ಎದುರಿಗೆ ಕುಳಿತವರು ಆ ಮಾತನ್ನು ಹಿಂದೆಯೂ ಅನೇಕರ ಬಾಯಲ್ಲಿ ಕೇಳಿರುತ್ತಾರೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ, ಶಸ್ತ್ರಚಿಕಿತ್ಸೆ ದೇಹದಲ್ಲಿ ಮಾಡುವ ಕೆಲಸವೇ. ಸ್ಲೀವ್ ವಿಧಾನದಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಕಿರಿದಾದ ಕೊಳವೆಯಂಥ ಭಾಗ. ತೆಗೆದ ಭಾಗದಲ್ಲೇ ಹಸಿವನ್ನು ಕೆರಳಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ತಯಾರಾಗುತ್ತಿದ್ದುದರಿಂದ ಹಸಿವೂ ತಗ್ಗುತ್ತದೆ. ಬೈಪಾಸ್ ವಿಧಾನದಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಪುಟ್ಟ ಚೀಲವನ್ನು ಮಾತ್ರ ಉಳಿಸಿ, ಆಹಾರವು ಜಠರದ ಉಳಿದ ಭಾಗವನ್ನೂ ಸಣ್ಣ ಕರುಳಿನ ಮೊದಲ ಭಾಗವನ್ನೂ ದಾಟಿ ಹೋಗುವಂತೆ ಜೋಡಿಸುತ್ತಾರೆ. ಕರುಳು ಮಿದುಳಿಗೆ ಕಳಿಸುವ ಸಂದೇಶಗಳೇ ಬದಲಾಗುತ್ತವೆ. ಹೀಗಿರುವಾಗ ಈ ಚಿಕಿತ್ಸೆಯನ್ನು ಸೋಮಾರಿಗಳ ಅಡ್ಡದಾರಿ ಎನ್ನುವವರ ಮಾತಿಗೆ ಯಾವ ಬೆಲೆಯೂ ಇಲ್ಲ. ಆದರೆ ಕೋಪ ಬಂದಾಗ, ಒಂಟಿತನ ಕಾಡಿದಾಗ, ದಿನದ ದಣಿವನ್ನು ಇಳಿಸಿಕೊಳ್ಳಲು ಬೇರೆ ದಾರಿಯೇ ಕಾಣದಾದಾಗ ಏಳುವ ಇನ್ನೊಂದು ಹಸಿವನ್ನು ಯಾವ ಶಸ್ತ್ರವೂ ಮುಟ್ಟುವುದಿಲ್ಲ. ಮೊದಲು ಒಂದೇ ಸಲಕ್ಕೆ ಬಹಳ ತಿನ್ನುತ್ತಿದ್ದವರಿಗೆ ಈಗ ಅದು ದೈಹಿಕವಾಗಿ ಅಸಾಧ್ಯ. ಆಗ ಆ ಹಸಿವು ರೂಪ ಬದಲಿಸಿ, ದಿನವಿಡೀ ಒಂದೊಂದು ತುತ್ತಾಗಿ, ಸಿಹಿ ಪಾನೀಯವಾಗಿ, ಸುಲಭವಾಗಿ ಕರಗಿ ಒಳಗಿಳಿಯುವ ತಿನಿಸಾಗಿ ಹಿಂದಿರುಗುತ್ತದೆ. ಅದನ್ನು ಮುಂಚೆಯೇ ಗುರುತಿಸಿದ್ದವರು ಬಂದ ಕೂಡಲೇ ಪತ್ತೆಹಚ್ಚುತ್ತಾರೆ. ಮುಚ್ಚಿಟ್ಟವರು ಮತ್ತೆ ಮುಚ್ಚಿಡುತ್ತಾರೆ.

ಶಸ್ತ್ರಚಿಕಿತ್ಸೆಗೆ ಮೊದಲಿನ ಒಂದೆರಡು ವಾರ ಕಡಿಮೆ ಕ್ಯಾಲೊರಿಯ ಪಥ್ಯವಿರುತ್ತದೆ. ಯಕೃತ್ತು ಸ್ವಲ್ಪ ಕುಗ್ಗಿದರೆ ವೈದ್ಯರಿಗೆ ಜಠರದವರೆಗೆ ತಲುಪುವುದು ಸುಲಭ ಎಂಬುದು ಅದರ ಉದ್ದೇಶ. ನಂತರದ ಮೊದಲ ದಿನಗಳಲ್ಲಿ ತಿಳಿ ದ್ರವ, ಆಮೇಲೆ ಗಟ್ಟಿ ದ್ರವ, ಆಮೇಲೆ ನುಣ್ಣಗೆ ಅರೆದದ್ದು, ಆಮೇಲೆ ಮೃದುವಾದದ್ದು, ಹೀಗೆ ಸಾಮಾನ್ಯ ಊಟಕ್ಕೆ ಬರುವ ಹೊತ್ತಿಗೆ ಆರರಿಂದ ಎಂಟು ವಾರ ಕಳೆಯುತ್ತದೆ. ಈ ವಾರಗಳಲ್ಲಿ ಅನೇಕರು ಪಶ್ಚಾತ್ತಾಪ ಪಡುತ್ತಾರೆ, ನಾನೂ ಪಟ್ಟೆ. ಇಷ್ಟು ದಿನ ಕಾದು, ಇಷ್ಟು ಜನರನ್ನು ಒಪ್ಪಿಸಿ ಮಾಡಿಸಿಕೊಂಡದ್ದಕ್ಕೆ ಅಳುವುದು ಹೇಗೆ ಎಂಬ ಸಂಕೋಚದಿಂದ ಅಳುವನ್ನೂ ನುಂಗಿಕೊಳ್ಳುವವರಿದ್ದಾರೆ. ಆ ಅಳು ಕೃತಘ್ನತೆಯಲ್ಲ. ವರ್ಷಗಳ ಕಾಲ ಸಮಾಧಾನ ಕೊಟ್ಟ ಒಂದು ಆಸರೆ ಒಂದೇ ದಿನದಲ್ಲಿ ಕೈತಪ್ಪಿದಾಗ ಆಗುವ ದುಃಖ ಅದು, ಮತ್ತು ಅದಕ್ಕೂ ಒಂದಿಷ್ಟು ಸಮಯ ಬೇಕು. ಮೂರನೆಯ ವಾರದ ಆಸುಪಾಸಿನಲ್ಲಿ ತೂಕದ ಯಂತ್ರದ ಮುಳ್ಳು ಕೆಲವು ದಿನ ಅಲುಗದೇ ನಿಲ್ಲುವುದೂ ಬಹಳ ಜನರಲ್ಲಿ ಕಂಡುಬರುತ್ತದೆ. ಏನೋ ಕೆಟ್ಟುಹೋಯಿತು ಎಂದು ಆಗ ಗಾಬರಿಯಾಗಬೇಕಿಲ್ಲ.

ದಿನನಿತ್ಯದ ನಿಯಮಗಳನ್ನು ನಿಮ್ಮ ಡಯಟೀಷಿಯನ್ ಹೇಳಿಯೇ ಹೇಳುತ್ತಾರೆ: ನಿಧಾನವಾಗಿ ಅಗಿಯುವುದು, ಊಟದ ಜೊತೆ ನೀರು ಕುಡಿಯದೆ ಅರ್ಧ ಗಂಟೆಯಾದರೂ ಬಿಡುವುದು, ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೊಟೀನ್ ಹೊಂದಿಸುವುದು, ವಿಟಮಿನ್ ಮತ್ತು ಖನಿಜಗಳ ಮಾತ್ರೆಗಳನ್ನು ಜೀವನವಿಡೀ ತೆಗೆದುಕೊಳ್ಳುವುದು. ಬೈಪಾಸ್ ಆದವರು ಸಾಮಾನ್ಯ ನೋವಿನ ಮಾತ್ರೆಗಳಲ್ಲಿ ಹಲವನ್ನು ಬಿಡಬೇಕಾಗುತ್ತದೆ, ಏಕೆಂದರೆ ಜೋಡಿಸಿದ ಜಾಗದಲ್ಲಿ ಹುಣ್ಣಾಗುವ ಅಪಾಯವಿದೆ. ಧೂಮಪಾನವೂ ಅದೇ ಕಾರಣಕ್ಕೆ ಅಪಾಯ. ಮಧುಮೇಹ, ರಕ್ತದೊತ್ತಡಗಳ ಮಾತ್ರೆಗಳ ಪ್ರಮಾಣ ಮೊದಲ ದಿನಗಳಿಂದಲೇ ಬದಲಾಗಬಹುದಾದ್ದರಿಂದ ಅವುಗಳನ್ನು ಹಳೆಯ ರೂಢಿಯಂತೆ ನುಂಗುತ್ತ ಹೋಗಬಾರದು. ಮೂರನೆಯ ತಿಂಗಳಿನಿಂದ ಆರನೆಯ ತಿಂಗಳಿನ ನಡುವೆ ಕೂದಲು ಉದುರಿ ಕಂಗೆಡಿಸುತ್ತದೆ, ಮುಂದೆ ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ. ಇವೆಲ್ಲಕ್ಕಿಂತ ನಾನು ಹೆಚ್ಚು ಹೇಳಬಯಸುವುದು ವಾಂತಿಯ ಬಗ್ಗೆ. ಅವಸರದಲ್ಲಿ ತಿಂದೆ, ಹೆಚ್ಚು ತಿಂದೆ, ಹಾಗಾಗಿ ವಾಂತಿಯಾಯಿತು, ಇದು ನನ್ನದೇ ತಪ್ಪು ಎಂದುಕೊಂಡು ದಿನಗಟ್ಟಲೆ ಯಾರಿಗೂ ಹೇಳದೆ ಇರುವವರನ್ನು ನಾನು ಬಲ್ಲೆ. ಬಿಡದೆ ವಾಂತಿಯಾಗುತ್ತಿದ್ದರೆ ಕೆಲವೇ ವಾರಗಳಲ್ಲಿ ದೇಹದಲ್ಲಿ ಥಯಾಮಿನ್ ಎಂಬ ಬಿ1 ವಿಟಮಿನ್ ಬರಿದಾಗಿ, ನರಗಳಿಗೂ ಮಿದುಳಿಗೂ ಶಾಶ್ವತ ಹಾನಿಯಾಗಬಹುದು. ಸಕ್ಕರೆ ತಿಂದು ಅರ್ಧ ಗಂಟೆಯೊಳಗೆ ಎದೆಬಡಿತ, ಬೆವರು, ಹೊಟ್ಟೆನುಲಿತ ಬಂದರೆ ಅದು ಡಂಪಿಂಗ್, ಅಂದರೆ ತಿಂದದ್ದು ತೀರಾ ಬೇಗ ಸಣ್ಣ ಕರುಳಿಗೆ ಇಳಿಯುವುದರಿಂದ ಆಗುವ ತೊಂದರೆ. ಅದನ್ನೂ ತಿಂದದ್ದಕ್ಕೆ ಸಿಕ್ಕ ಶಿಕ್ಷೆಯೆಂದು ಸಹಿಸಿಕೊಂಡು ಕೂರಬಾರದು. ತಪ್ಪು ಯಾರದು ಎಂಬ ಲೆಕ್ಕ ಆಮೇಲೆ ನೋಡಿಕೊಳ್ಳಬಹುದು, ಮೊದಲು ಆಸ್ಪತ್ರೆಗೆ ಫೋನ್ ಮಾಡಿ.

ಮೊದಲ ವರ್ಷ ಹೊಗಳಿಕೆಯ ವರ್ಷ. ತೂಕ ಅತ್ಯಂತ ವೇಗವಾಗಿ ಇಳಿಯುವುದು ಈ ಅವಧಿಯಲ್ಲೇ, ವಿಶೇಷವಾಗಿ ಮೊದಲ ಆರು ತಿಂಗಳಲ್ಲಿ. ಈಗ ಎಷ್ಟು ಚೆನ್ನಾಗಿ ಕಾಣುತ್ತೀರಿ ಎಂದು ಜನ ಪ್ರೀತಿಯಿಂದಲೇ ಹೇಳುತ್ತಾರೆ, ಅದನ್ನು ಕೇಳಿ ಸಂತೋಷವೂ ಆಗುತ್ತದೆ. ಅದೇ ಕ್ಷಣದಲ್ಲಿ, ಹಿಂದೆ ಇದ್ದ ನನ್ನನ್ನು ಇವರು ಹೇಗೆ ನೋಡುತ್ತಿದ್ದರು ಎಂಬ ಅರಿವು ಒಳಗೆ ಇರಿಯುತ್ತದೆ. ಮೊದಲು ಕಣ್ಣೆತ್ತಿ ನೋಡದಿದ್ದವರು ಬಾಗಿಲು ತೆರೆದು ಹಿಡಿದಾಗ ನನಗೆ ಬಂದದ್ದು ಕೋಪ, ಮತ್ತು ಆ ಕೋಪ ನ್ಯಾಯವಾದದ್ದೆಂದೇ ಈಗಲೂ ನಂಬುತ್ತೇನೆ. ಕನ್ನಡಿಯಲ್ಲಿ ಕಾಣುವ ದೇಹವನ್ನು ಮನಸ್ಸು ಬೇಗ ಒಪ್ಪಿಕೊಳ್ಳುವುದಿಲ್ಲ. ಇಕ್ಕಟ್ಟಾದ ಜಾಗದಲ್ಲಿ ಹಳೆಯ ಅಳತೆಯಲ್ಲೇ ಪಕ್ಕಕ್ಕೆ ಸರಿಯುತ್ತೇವೆ, ಅಂಗಡಿಯಲ್ಲಿ ಹಳೆಯ ಅಳತೆಯ ಬಟ್ಟೆಗೇ ಕೈ ಹಾಕುತ್ತೇವೆ. ಜೋತುಬಿದ್ದ ಚರ್ಮದ ಬಗ್ಗೆ ಮುಂಚೆ ಯಾರೂ ಸರಿಯಾಗಿ ಹೇಳಿರುವುದಿಲ್ಲ. ಅದರ ಮಡಿಕೆಗಳಲ್ಲಿ ಆಗುವ ಉರಿ, ಅದನ್ನು ಇತರರಿಂದ ಮರೆಮಾಡುವ ಶ್ರಮ, ಇಷ್ಟು ಕಷ್ಟಪಟ್ಟ ಮೇಲೂ ಬಟ್ಟೆ ತೆಗೆಯಲು ಹಿಂಜರಿಕೆ, ಇವು ದೊಡ್ಡ ನಿರಾಸೆಗಳು. ಇವನ್ನು ಬಾಯಿಬಿಟ್ಟು ಹೇಳಿದರೆ ಇನ್ನೇನು ಬೇಕು ನಿನಗೆ ಎಂಬ ಮಾತು ಎದುರಾಗುತ್ತದೆ.

ಸಂಬಂಧಗಳೂ ಅಲುಗುತ್ತವೆ. ಸ್ವೀಡನ್‌ನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಒಂಟಿಯಾಗಿದ್ದವರು ಸಂಗಾತಿಯನ್ನು ಕಂಡುಕೊಳ್ಳುವ ಸಾಧ್ಯತೆಯೂ ಹೆಚ್ಚಿತ್ತು, ಜೋಡಿಯಾಗಿದ್ದವರು ಬೇರೆಯಾಗುವ ಸಾಧ್ಯತೆಯೂ ಹೆಚ್ಚಿತ್ತು. ಇದನ್ನು ಹೆದರಿಸಲು ಹೇಳುತ್ತಿಲ್ಲ. ಒಬ್ಬರ ದೇಹ, ಊಟ, ಉತ್ಸಾಹ, ಆತ್ಮವಿಶ್ವಾಸ ಎಲ್ಲವೂ ಒಟ್ಟಿಗೇ ಬದಲಾಗುವಾಗ ಜೊತೆಗಿರುವವರಿಗೂ ಹೊಂದಿಕೊಳ್ಳುವ ಕೆಲಸವಿರುತ್ತದೆ ಎಂಬುದನ್ನು ಮೊದಲೇ ಕುಳಿತು ಮಾತನಾಡಿಕೊಂಡರೆ ಒಳ್ಳೆಯದು ಎನ್ನುತ್ತಿದ್ದೇನೆ. ಮಗು ಬೇಕೆನ್ನುವವರಿಗೆ ಇನ್ನೊಂದು ಮಾತು: ತೂಕ ಇಳಿದಂತೆ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುತ್ತದೆ, ಆದರೆ 12ರಿಂದ 18 ತಿಂಗಳಾದರೂ ಕಾಯಲು ವೈದ್ಯರು ಹೇಳುತ್ತಾರೆ, ಮತ್ತು ಬೈಪಾಸ್ ಆದವರಲ್ಲಿ ಗರ್ಭನಿರೋಧಕ ಮಾತ್ರೆ ಸರಿಯಾಗಿ ಹೀರಿಕೊಳ್ಳದೇ ಹೋಗಬಹುದು.

ನನ್ನನ್ನು ಹೆಚ್ಚು ಚಿಂತೆಗೀಡುಮಾಡುವುದು ಎರಡನೆಯ ವರ್ಷ. ಆಗ ಹೊಗಳಿಕೆ ನಿಂತಿರುತ್ತದೆ, ತೂಕ ಇಳಿಯುವುದೂ ನಿಂತಿರುತ್ತದೆ, ಆಸ್ಪತ್ರೆಯ ಭೇಟಿಗಳು ವಿರಳವಾಗಿರುತ್ತವೆ. ಅಮೆರಿಕದಲ್ಲಿ 2012ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಮದ್ಯಪಾನದ ಸಮಸ್ಯೆ ಶಸ್ತ್ರಚಿಕಿತ್ಸೆಗೆ ಹಿಂದಿನ ವರ್ಷ ಶೇಕಡಾ 7.6ರಷ್ಟು ಜನರಲ್ಲಿತ್ತು, ಮೊದಲ ವರ್ಷದಲ್ಲಿ ಹೆಚ್ಚಲಿಲ್ಲ, ಎರಡನೆಯ ವರ್ಷದಲ್ಲಿ ಶೇಕಡಾ 9.6ಕ್ಕೇರಿತು. ಬೈಪಾಸ್ ಆದ ಮೇಲೆ ಮದ್ಯ ಬೇಗ ರಕ್ತಕ್ಕೆ ಸೇರಿ ಹೆಚ್ಚು ಹೊತ್ತು ಇರುತ್ತದೆ ಎಂಬುದು ಅದಕ್ಕೆ ಒಂದು ಕಾರಣ. ಕೆನಡಾದ ಒಂಟಾರಿಯೊದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಮಗೆ ತಾವೇ ಹಾನಿ ಮಾಡಿಕೊಂಡು ತುರ್ತು ವಿಭಾಗಕ್ಕೆ ಬಂದ ಪ್ರಕರಣಗಳು ಶಸ್ತ್ರಚಿಕಿತ್ಸೆಯ ನಂತರ ಸುಮಾರು ಅರ್ಧದಷ್ಟು ಹೆಚ್ಚಾದದ್ದು ಕಂಡುಬಂತು. ಅವುಗಳಲ್ಲಿ ಹೆಚ್ಚಿನವು ಎರಡನೆಯ ಮತ್ತು ಮೂರನೆಯ ವರ್ಷಗಳಲ್ಲಿ ನಡೆದಿದ್ದವು, ಮತ್ತು ಅವರಲ್ಲಿ ಬಹುಪಾಲು ಜನರಿಗೆ ಮೊದಲೇ ಮಾನಸಿಕ ಕಾಯಿಲೆ ಇತ್ತು. ಒಟ್ಟಾರೆ ಸಂಖ್ಯೆ ಚಿಕ್ಕದು. ಸ್ವೀಡನ್‌ನಲ್ಲಿ 1987ರಲ್ಲಿ ಆರಂಭವಾದ ದೀರ್ಘಕಾಲದ ಅಧ್ಯಯನವು ಶಸ್ತ್ರಚಿಕಿತ್ಸೆ ಆದವರಲ್ಲಿ ಒಟ್ಟು ಸಾವುಗಳು ಕಡಿಮೆಯೆಂದು 2007ರಲ್ಲಿ ತೋರಿಸಿಕೊಟ್ಟಿದೆ, ಹಾಗಾಗಿ ಈ ಚಿಕಿತ್ಸೆ ಜೀವ ಉಳಿಸುತ್ತದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಜೀವ ಉಳಿಸುವ ಚಿಕಿತ್ಸೆಯ ಜೊತೆಯಲ್ಲೇ ಬರುವ ಈ ಅಪಾಯವನ್ನು ಮೊದಲೇ ತಿಳಿಸಿ, ಅದಕ್ಕೆ ಏರ್ಪಾಡು ಮಾಡಿಕೊಳ್ಳಬೇಕೆಂಬುದು ನನ್ನ ಒತ್ತಾಯ.

ತೂಕ ಸ್ವಲ್ಪ ಮರಳುವುದು ಸಾಮಾನ್ಯ. ಆದರೆ ಮೂರು ಕಿಲೋ ಹೆಚ್ಚಾದ ಕೂಡಲೇ ಜನ ಮೊದಲು ಮಾಡುವ ಕೆಲಸ ಆಸ್ಪತ್ರೆಗೆ ಹೋಗುವುದನ್ನು ನಿಲ್ಲಿಸುವುದು. ಯಂತ್ರದ ಮೇಲೆ ನಿಲ್ಲಲು ನಾಚಿಕೆ, ವೈದ್ಯರ ಮುಖ ನೋಡಲು ನಾಚಿಕೆ. ಅದೇ ಸಮಯಕ್ಕೆ ಮಾತ್ರೆಗಳೂ ತಪ್ಪುತ್ತವೆ. ಬಿ12 ದೇಹದಲ್ಲಿ ವರ್ಷಗಳ ಕಾಲ ಸಂಗ್ರಹವಾಗಿರುವುದರಿಂದ ಅದರ ಕೊರತೆ ತಡವಾಗಿ ಕಾಣುತ್ತದೆ, ಕಬ್ಬಿಣದ ಕೊರತೆ ದಣಿವೆಂದೇ ತೋರುತ್ತದೆ, ಕ್ಯಾಲ್ಸಿಯಂ ಕೊರತೆ ಮೂಳೆ ಸವೆಯುವವರೆಗೂ ಸದ್ದು ಮಾಡುವುದಿಲ್ಲ. ರಕ್ತಪರೀಕ್ಷೆ ಅತ್ಯಗತ್ಯವಾದ ಕಾಲದಲ್ಲೇ ನಾಚಿಕೆ ನಮ್ಮನ್ನು ಮನೆಯಲ್ಲಿ ಕೂರಿಸುತ್ತದೆ. ಆದ್ದರಿಂದ ಫಾಲೋ-ಅಪ್ ಭೇಟಿಗೆ ಬಂದವರನ್ನು ಮೊದಲು ತೂಕದ ಯಂತ್ರಕ್ಕೆ ಹತ್ತಿಸುವ ರೂಢಿಯನ್ನು ಆಸ್ಪತ್ರೆಗಳು ಬಿಡಬೇಕು. ಹೇಗಿದ್ದೀರಿ, ನಿದ್ರೆ ಬರುತ್ತಿದೆಯೇ, ರಾತ್ರಿ ಏನಾಗುತ್ತಿದೆ ಎಂದು ಕೇಳಿ, ಆಮೇಲೆ ತೂಕ ನೋಡಲಿ. ಶಸ್ತ್ರಚಿಕಿತ್ಸೆಗೆ ಮುಂಚೆ ಒಂದೇ ಒಂದು ಸಲ ಮನಸ್ಸಿನ ಮೌಲ್ಯಮಾಪನ ಮಾಡಿ ಕಡತ ಮುಚ್ಚುವುದನ್ನು ನಿಲ್ಲಿಸಿ, ಅದೇ ಆಪ್ತಸಮಾಲೋಚಕರು ಎರಡನೆಯ, ಮೂರನೆಯ ವರ್ಷದಲ್ಲೂ ಸಿಗುವಂತೆ ಮಾಡಲಿ. ಒಪ್ಪಿಗೆ ಕೊಡುವವರು ಒಬ್ಬರು, ಜೊತೆಗಿದ್ದು ಮಾತನಾಡುವವರು ಇನ್ನೊಬ್ಬರು ಎಂದಾದರೆ ಇನ್ನೂ ಒಳ್ಳೆಯದು, ಆಗ ಸತ್ಯ ಹೇಳಲು ಯಾರಿಗೂ ಹೆದರಿಕೆಯಿರುವುದಿಲ್ಲ. ಸ್ಥೂಲಕಾಯ ದೀರ್ಘಕಾಲದ ಕಾಯಿಲೆ. ಅದು ಮರುಕಳಿಸಿದರೆ ಔಷಧಿಯಿದೆ, ಸಮಾಲೋಚನೆಯಿದೆ, ಕೆಲವರಿಗೆ ಇನ್ನೊಂದು ಶಸ್ತ್ರಚಿಕಿತ್ಸೆಯೂ ಇದೆ.

ಮನೆಯವರಲ್ಲಿ ನನ್ನದೊಂದು ವಿನಂತಿ. ತಟ್ಟೆಯಲ್ಲಿ ಎಷ್ಟಿದೆ ಎಂದು ಎಣಿಸಬೇಡಿ, ಒಂದು ತುತ್ತು ಹೆಚ್ಚು ತಿನ್ನು ಎಂದೂ ಒತ್ತಾಯಿಸಬೇಡಿ. ಈಗ ಶಸ್ತ್ರಚಿಕಿತ್ಸೆಗೆ ಹೊರಟಿರುವವರು ದಿನಾಂಕ ಗೊತ್ತುಮಾಡುವ ಹೊತ್ತಿನಲ್ಲೇ, ಒಂದೂವರೆ ವರ್ಷದ ನಂತರ ನನ್ನ ಮನಸ್ಸಿನ ವಿಚಾರ ಮಾತನಾಡಲು ನಿಮ್ಮಲ್ಲಿ ಯಾರಿರುತ್ತಾರೆ ಎಂದು ಆಸ್ಪತ್ರೆಯವರನ್ನು ಕೇಳಿ. ಹೆಸರು ಹೇಳಿದರೆ ಬರೆದಿಟ್ಟುಕೊಳ್ಳಿ. ಅಂಥವರು ಯಾರೂ ಇಲ್ಲವೆಂದರೆ ಹೊರಗಿನ ಆಪ್ತಸಮಾಲೋಚಕರೊಬ್ಬರನ್ನು ಈಗಲೇ ಹುಡುಕಿ, ಶಸ್ತ್ರಚಿಕಿತ್ಸೆಗೆ ಮೊದಲೇ ಒಂದೆರಡು ಬಾರಿ ಭೇಟಿಯಾಗಿ ಪರಿಚಯ ಮಾಡಿಕೊಂಡಿರಿ.