ಹತ್ತು ಸಾವಿರ ಹೆಜ್ಜೆ, ಒಂದು ಜೀಪು

ನನ್ನ ಅಳಿಯ ಬೆಂಗಳೂರಿನಲ್ಲಿ ಆ್ಯಪ್ ಡಿಸೈನ್ ಮಾಡುತ್ತಾನೆ. ಹೊಸಬರಿಗೆ ವ್ಯಾಯಾಮದ ಹುಚ್ಚು ಹಿಡಿಸುವ ಆ್ಯಪ್ ಒಂದನ್ನು ಮಾಡಿದ. ಪರೀಕ್ಷೆಗೆ ಒಬ್ಬ ಹೊಸಬ ಬೇಕಿತ್ತು. 58 ವರ್ಷದಲ್ಲಿ ಒಮ್ಮೆಯೂ ಜಿಮ್ ಬಾಗಿಲು ನೋಡದ ನನಗಿಂತ ಹೊಸಬ ಯಾರು ಸಿಗಬೇಕು?

"ಮಾವ, ಇದು ಪೂರ್ತಿ ರೆಸ್ಪಾನ್ಸಿವ್" ಅಂದ. ಫೋನಿನಲ್ಲಿ ತೆರೆದರೆ ಫೋನಿನ ಅಳತೆಗೆ, ಲ್ಯಾಪ್‌ಟಾಪಿನಲ್ಲಿ ತೆರೆದರೆ ಅದರ ಅಳತೆಗೆ ತಾನೇ ಹೊಂದಿಕೊಳ್ಳುತ್ತದಂತೆ. ನಿಜಕ್ಕೂ ಚಂದ. ಎಲ್ಲ ಪರದೆಗೂ ಹೊಂದಿತು, ವಿರಾಜಪೇಟೆ ಕಡೆಯ ನಮ್ಮ ಮನೆಗೆ ಮಾತ್ರ ಹೊಂದಲಿಲ್ಲ.

ಶುರು ಮಾಡಿದ್ದು ಕಕ್ಕಡದಲ್ಲಿ, ಅಂದರೆ ಕೊಡಗಿನ ಜಡಿಮಳೆಯ ತಿಂಗಳಲ್ಲಿ. ನಮ್ಮದೇ ತಪ್ಪು ಬಿಡಿ. ಬೆಳಿಗ್ಗೆ ಆರಕ್ಕೆ ಫೋನು ಟಿಣ್ ಅಂತು: "ಏಳಿ ಚಾಂಪಿಯನ್, ಎಳೆಬಿಸಿಲು ಕಾಯುತ್ತಿದೆ!" ಬಿಸಿಲು ಕಂಡು ಹನ್ನೊಂದು ದಿನವಾಗಿತ್ತು. ಅದರ ಕೆಳಗೇ ಊರಿನ ವಾಟ್ಸಾಪ್ ಗುಂಪಿನ ಮೆಸೇಜು: "ಕೆರೆ ಹತ್ತಿರ ಆನೆ ಇದೆ, ಯಾರೂ ಹೊರಗೆ ಬರಬೇಡಿ." ನಾನು ಎರಡನೆಯದರ ಮಾತು ಕೇಳಿದೆ. ಸಂಜೆ ಆ್ಯಪಿನ ಗೊಂಬೆ ಕಣ್ಣೀರು ಹಾಕಿತು. ಆಮೇಲೆ ಮೂರು ದಿನ ಕರೆಂಟಿಲ್ಲ, ಫೋನು ಸತ್ತಿತ್ತು. ಜೀವ ಬಂದ ಕೂಡಲೇ ಕೇಳಿತು: "ಇಷ್ಟಕ್ಕೇ ಸೋತುಬಿಟ್ಟಿರಾ?"

ಊಟದ ಲೆಕ್ಕವೂ ಉಂಟು. ಕಡಂಬುಟ್ಟು, ಅಂದರೆ ನಮ್ಮ ಅಕ್ಕಿತರಿಯ ಕಡುಬು, ಅಂತ ಬರೆದೆ. ಅಂಥದ್ದು ಪಟ್ಟಿಯಲ್ಲಿಲ್ಲ, ಅವಕಾಡೊ ತಿನ್ನಿ ಎಂದು ಚಿತ್ರ ತೋರಿಸಿತು. ನನ್ನ ಹೆಂಡತಿ ಕನ್ನಡಕ ಏರಿಸಿ ನೋಡಿದಳು. "ಅಯ್ಯೋ, ಬಟರ್ ಫ್ರೂಟ್ ಅಲ್ವಾ? ಹಿತ್ತಲಲ್ಲಿ ಉದುರಿ ಕೊಳೀತಾ ಇದೆ!"

ಗುರಿ ದಿನಕ್ಕೆ 10,000 ಹೆಜ್ಜೆ. ಈ ಸಂಖ್ಯೆ ಯಾವ ಡಾಕ್ಟರೂ ಬರೆದುಕೊಟ್ಟದ್ದಲ್ಲ. 1965ರಲ್ಲಿ ಜಪಾನಿನಲ್ಲಿ ಹೆಜ್ಜೆ ಎಣಿಸುವ ಯಂತ್ರವೊಂದು ಮಾರಾಟಕ್ಕೆ ಬಂತು. ಹೆಸರು ಮಾನ್ಪೊ-ಕೆ, ಅಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ. ಅಂಗಡಿಯಿಂದ ಹೊರಟ ಹೆಸರು ಈಗ ಲೋಕಕ್ಕೆಲ್ಲ ಶಾಸ್ತ್ರ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ, ಅದೂ ಸಾಧಾರಣ ಶ್ರಮ. ಬಿರುಸಿನ ನಡಿಗೆ ಸಾಕು. ಹೊಸಬನಿಗೆ ಹತ್ತು ನಿಮಿಷದಿಂದ ಶುರು ಮಾಡಿಸಬಾರದೇನೋ ಅಂತ ಕೇಳಿದೆ.

"ರೌಂಡ್ ಫಿಗರ್ ಮಾವ, ಪರದೆಯಲ್ಲಿ ಚೆನ್ನಾಗಿ ಕಾಣುತ್ತೆ."

ಒಂದು ದಿನ ಬ್ರೆಡ್ ತರಲು ಜೀಪಿನಲ್ಲಿ ಪೇಟೆಗೆ ಹೋದೆ. ನಮ್ಮ ತೋಟದ ರಸ್ತೆ ಗೊತ್ತಲ್ಲ, ಹೊಟ್ಟೆಯೊಳಗಿನ ಕಾಫಿ ಬೆಣ್ಣೆಯಾಗುತ್ತದೆ. ಅಲುಗಾಡಿದ್ದೆಲ್ಲ ಆ್ಯಪಿಗೆ ಹೆಜ್ಜೆ. ಮನೆಗೆ ಬರುವಷ್ಟರಲ್ಲಿ 4,000 ದಾಟಿತ್ತು, ಪದಕವೂ ಬಂದಿತ್ತು. ಅಂದಿನಿಂದ ನಮ್ಮ ಮನೆಗೆ ಬ್ರೆಡ್ ಜಾಸ್ತಿ ಬರುತ್ತದೆ.

ಜನವರಿಯಲ್ಲಿ ಕಾಫಿ ಕುಯ್ಲು. ತೋಟದ ಕೆಲಸದವರಿರುವ ಲೈನ್ ಮನೆಯ ಅಕ್ಕನ ಕೋಟಿನ ಜೇಬಿಗೆ ಸುಮ್ನೆ ನನ್ನ ಫೋನು ಹಾಕಿದೆ. ಒಂದೇ ಗಿಡದ ಬುಡದಲ್ಲಿ ನಿಂತು ಕೊಂಬೆ ಬಗ್ಗಿಸಿ ಎರಡೂ ಕೈಯಲ್ಲಿ ಹಣ್ಣು ಬಿಡಿಸುತ್ತಾರೆ. ಕಾಲು ಹೆಚ್ಚು ಆಡುವುದಿಲ್ಲ. ಹಾಗಾಗಿ ಹೆಜ್ಜೆಯೂ ಇಲ್ಲ. ಮಧ್ಯಾಹ್ನ ಆಕೆ ತುಂಬಿದ ಚೀಲವನ್ನು ತಲೆಗೇರಿಸಲು ಬಗ್ಗಿದಾಗ ಜೇಬು ಟಿಣ್ ಅಂತು.

"ಏನಂತೆ ಅಣ್ಣ?"

"ಒಂದು ಗಂಟೆಯಿಂದ ಸುಮ್ನೆ ಕೂತಿದ್ದೀರಂತೆ. ಎದ್ದು ಸ್ವಲ್ಪ ಮೈ ಬಗ್ಗಿಸಬೇಕಂತೆ."

ಆಕೆ ಫೋನನ್ನು ನನ್ನ ಕೈಗಿಟ್ಟಳು. "ಹೌದಾ? ಹಾಗಾದ್ರೆ ಅದಕ್ಕೇ ಹೇಳಿ, ಚೀಲಕ್ಕೆ ಆ ಕಡೆಯಿಂದ ಒಂದು ಕೈ ಹಾಕಲಿ."